ಕಣ್ಣಿಗೆ ಬಿಡುವ ಹನಿ: ಯಾವುದು, ಯಾರಿಗೆ, ಎಷ್ಟು ದಿನ?

(ಕೃಷ್ಣರಾಜಪೇಟೆ ತಾಲ್ಲೂಕು ಸಿಂಧಘಟ್ಟದಲ್ಲಿ ನಡೆದ ಹಾಲು ಉತ್ಪಾದಕ ಸದಸ್ಯರ ತರಬೇತಿ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಾಠ)



ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ವಿಷಯ "ಕಣ್ಣಿನ ಆರೈಕೆ" ಎಂದಷ್ಟೇ ಇದೆ. ರಾಸುಗಳ ಕಣ್ಣೋ, ಮನುಷ್ಯರ ಕಣ್ಣೋ ಎಂದು ಕಾರ್ಯದರ್ಶಿಗಳು ಕೇಳಿದರು. ಎರಡೂ ಎಂದೆ. ಅದಕ್ಕೆ ಕಾರಣವಿದೆ. ಕೊಟ್ಟಿಗೆಯಲ್ಲಿ ಹಸುವಿಗೆ ಇಂಜೆಕ್ಷನ್ ಕೊಟ್ಟು ನಾನು ಕೈ ತೊಳೆಯುವ ಹೊತ್ತಿಗೆ ಮನೆಯ ಹಿರಿಯರು ಯಾರಾದರೂ ಹತ್ತಿರ ಬಂದು, "ಸಾ, ಹಂಗೇ ನನ್ ಕಣ್ಗೂ ವಸಿ ಏನಾರ ಬುಡಿ, ಮಳ್ಳು ಹಾಕ್ದಂಗೆ ಒತ್ತುತದೆ" ಎನ್ನುತ್ತಾರೆ. ನಾನು ರಾಸುಗಳ ವೈದ್ಯ. ಮನುಷ್ಯರ ಕಣ್ಣಿಗೆ ಔಷಧಿ ಕೊಡುವ ಅಧಿಕಾರ ನನಗಿಲ್ಲ, ಕೊಡುವುದೂ ಇಲ್ಲ. ಆದರೆ ನಾನು ಹೋದ ಮೇಲೆ ಏನಾಗುತ್ತದೆ ಎಂಬುದು ಗೊತ್ತಿದೆ. ಹಸುವಿಗೆಂದು ತಂದ ಟ್ಯೂಬು ಕಿಟಕಿಯ ಮೇಲಿರುತ್ತದೆ, ಅಥವಾ ಮೆಡಿಕಲ್ ಸ್ಟೋರಿನಲ್ಲಿ "ಕಣ್ಣುರಿಗೆ ಒಂದು ಡ್ರಾಪ್ಸ್ ಕೊಡಿ" ಎಂದು ಕೇಳಿ ಕೊಟ್ಟದ್ದನ್ನು ತಂದು ಬಿಟ್ಟುಕೊಳ್ಳುತ್ತಾರೆ. ಆ ಹನಿ ಯಾವುದು ಎಂದು ಕೇಳುವವರಿಲ್ಲ. ಕಣ್ಣಿನ ನೀರು ಮತ್ತು ಆ ಟ್ಯೂಬಿನೊಳಗಿನ ಪದಾರ್ಥ, ಇವೆರಡರ ಬಗ್ಗೆ ನನಗೆ ತಿಳಿದಿರುವುದನ್ನು ಹೇಳಿದರೆ ಅಂಗಡಿಯಲ್ಲಿ ಏನು ಕೇಳಬೇಕು, ಯಾವಾಗ ಅಂಗಡಿಗೇ ಹೋಗಬಾರದು ಎಂಬುದು ನಿಮಗೆ ತಿಳಿದೀತು ಎಂದು ಈ ವಿಷಯ ಎತ್ತಿಕೊಂಡಿದ್ದೇನೆ.

ಕಣ್ಣೀರು ಬರಿ ನೀರಲ್ಲ. ಹಾಲಿನಲ್ಲಿ ಜಿಡ್ಡೆಷ್ಟು, ಎಸ್.ಎನ್.ಎಫ್. ಎಷ್ಟು ಎಂಬುದರ ಮೇಲೆಯೇ ದಿನಾ ಎರಡು ಹೊತ್ತು ನಿಮ್ಮ ದುಡ್ಡು ನಿಂತಿರುವುದರಿಂದ ಈ ಮಾತು ನಿಮಗೆ ಬೇಗ ಅರ್ಥವಾಗುತ್ತದೆ. ಕಣ್ಣುಗುಡ್ಡೆಗೆ ಅಂಟಿಕೊಂಡು ಒಂದು ಲೋಳೆ ಪದರ, ಅದರ ಮೇಲೆ ನೀರು, ನೀರಿನ ಮೇಲೆ ಕೆನೆಯಂತೆ ಬಹು ತೆಳುವಾದ ಎಣ್ಣೆ ಪದರ ಇರುತ್ತದೆ. ಈ ಎಣ್ಣೆ ರೆಪ್ಪೆಯ ಅಂಚಿನಲ್ಲಿ ಸಾಲಾಗಿರುವ ಸಣ್ಣ ಗ್ರಂಥಿಗಳಿಂದ ಬರುತ್ತದೆ. ರೆಪ್ಪೆ ಬಡಿದಾಗಲೆಲ್ಲ ಈ ಮೂರೂ ಕಣ್ಣಿನ ಮೇಲೆ ಹೊಸದಾಗಿ ಹರಡಿಕೊಳ್ಳುತ್ತವೆ. ನೀರು ಕಡಿಮೆಯಾದರೂ ಕಣ್ಣು ಒಣಗುತ್ತದೆ. ನೀರು ಸಾಕಷ್ಟಿದ್ದು ಮೇಲಿನ ಎಣ್ಣೆ ಕಡಿಮೆಯಾದರೂ ಒಣಗುತ್ತದೆ, ಏಕೆಂದರೆ ಆ ನೀರು ಬೇಗ ಆರಿಹೋಗುತ್ತದೆ. ಒಣಗಣ್ಣಿನ ತೊಂದರೆ ಇರುವವರಲ್ಲಿ ಈ ಎರಡನೆಯ ಬಗೆಯವರೇ ಹೆಚ್ಚು.

ಇಲ್ಲಿ ಒಂದು ವಿಚಿತ್ರವಿದೆ. ಕಣ್ಣು ಒಣಗಿದವರಲ್ಲಿ ಅನೇಕರು ಹೇಳಿಕೊಳ್ಳುವ ದೂರು ಕಣ್ಣಲ್ಲಿ ನೀರು ಸುರಿಯುತ್ತದೆ ಎಂಬುದೇ. ಕಣ್ಣು ಒಣಗಿ ಉರಿದಾಗ ದೊಡ್ಡ ಗ್ರಂಥಿ ಗಾಬರಿಬಿದ್ದು ಒಮ್ಮೆಲೇ ನೀರು ಬಿಡುತ್ತದೆ. ಆ ನೀರು ತೆಳು, ಕಣ್ಣಿನ ಮೇಲೆ ನಿಲ್ಲದೆ ಕೆನ್ನೆಗೆ ಇಳಿದುಹೋಗುತ್ತದೆ. ಬಿರುಮಳೆ ಬಂದು ನೀರೆಲ್ಲ ಹರಿದುಹೋದ ಮೇಲೂ ಹೊಲದಲ್ಲಿ ತೇವ ನಿಲ್ಲದ ಹಾಗೆ. ಆದ್ದರಿಂದ "ನನ್ನ ಕಣ್ಣಲ್ಲಿ ಬೇಕಾದಷ್ಟು ನೀರಿದೆ, ಒಣಗಿದ್ದು ಹೇಗೆ?" ಎಂದು ವಾದ ಮಾಡಬೇಡಿ.

ಹಾಲು ಉತ್ಪಾದಕರ ಮನೆಗಳಲ್ಲಿ ಇದು ಯಾಕೆ ಹೆಚ್ಚು? ಬೆಳಿಗ್ಗೆ ಲಕ್ಷ್ಮೀನಾರಾಯಣಸ್ವಾಮಿ ಗುಡಿಯ ಕಡೆಯಿಂದ ಬರುವಾಗ ಮೂವರು ಬೈಕಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಎದುರಾದರು. ಮೂವರಿಗೂ ಕನ್ನಡಕವಿಲ್ಲ, ಮೂವರ ಕಣ್ಣಲ್ಲೂ ನೀರು. ಎದುರುಗಾಳಿ ಕಣ್ಣಿನ ನೀರನ್ನು ಆರಿಸುವಷ್ಟು ಬೇಗ ಮತ್ತೊಂದು ಆರಿಸುವುದಿಲ್ಲ. ಆಮೇಲೆ ಮೇವು ಕತ್ತರಿಸುವ ಯಂತ್ರದ ದೂಳು, ರಾಗಿ ಹುಲ್ಲಿನ ಸುಂಕು, ಗಾಳಿಯಾಡದ ಕೊಟ್ಟಿಗೆಯಲ್ಲಿ ಗಂಜಲದಿಂದ ಏಳುವ ಘಾಟು, ಸೌದೆ ಒಲೆಯ ಹೊಗೆ. ಆಲೆಮನೆಯಲ್ಲಿ ಉರಿ ಹಾಕುವವರ ಕಣ್ಣನ್ನು ನೀವೇ ನೋಡಿದ್ದೀರಿ. ವಯಸ್ಸಾದಂತೆ ಎಲ್ಲರಿಗೂ ಕಣ್ಣಿನ ತೇವ ಕಡಿಮೆಯಾಗುತ್ತದೆ. ಮುಟ್ಟು ನಿಂತ ಹೆಂಗಸರಿಗೆ ಇನ್ನೂ ಹೆಚ್ಚು. ಸಕ್ಕರೆ ಕಾಯಿಲೆಯವರಿಗೆ, ಕೀಲುವಾತ ಇರುವವರಿಗೆ, ಕಣ್ಣಿನ ಪೊರೆ ಆಪರೇಷನ್ ಆಗಿ ಕೆಲವು ತಿಂಗಳವರೆಗೆ, ಶೀತ ಮತ್ತು ತುರಿಕೆಯ ಮಾತ್ರೆಗಳನ್ನು ಬಹಳ ದಿನ ನುಂಗುವವರಿಗೆ ಇದು ಬರುತ್ತದೆ. ಹುಡುಗರ ಕಥೆ ಬೇರೆ. ಮೊಬೈಲು ನೋಡುತ್ತಾ ಕುಳಿತರೆ ರೆಪ್ಪೆ ಬಡಿಯುವುದೇ ಮರೆತುಹೋಗುತ್ತದೆ. ನಿಮಿಷಕ್ಕೆ ಸುಮಾರು 15 ಸಲ ಬಡಿಯಬೇಕಾದದ್ದು ಅರ್ಧಕ್ಕೂ ಕಡಿಮೆಯಾಗುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹನಿ ಆರಿಸುವುದಕ್ಕೆ ಮೊದಲು ಅದು ಒಣಗಣ್ಣು ಹೌದೋ ಅಲ್ಲವೋ ಎಂದು ಆರಿಸಬೇಕು. ಒಣಗಣ್ಣು ಸಾಮಾನ್ಯವಾಗಿ ಎರಡೂ ಕಣ್ಣಿಗೆ ಬರುತ್ತದೆ. ಸಂಜೆಯ ಹೊತ್ತಿಗೆ ಹೆಚ್ಚಾಗುತ್ತದೆ. ಉರಿ, ಒತ್ತು, ಆಯಾಸ ಇರುತ್ತದೆ. ದೃಷ್ಟಿ ಮಂಜಾದರೂ ನಾಲ್ಕು ಸಲ ರೆಪ್ಪೆ ಬಡಿದರೆ ತಿಳಿಯಾಗುತ್ತದೆ. ಇಷ್ಟೇ ಇದ್ದರೆ ತೇವದ ಹನಿಯಿಂದ ಉಪಶಮನ ಸಿಕ್ಕೀತು. ಆದರೆ ಒಂದೇ ಕಣ್ಣು ಕೆಂಪಾಗಿದ್ದರೆ, ನೋವಿದ್ದರೆ, ಬೆಳಕು ನೋಡಲಾಗದಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ಕೀವು ಬಂದರೆ, ದೃಷ್ಟಿ ಮಂಜಾಗಿಯೇ ಉಳಿದರೆ, ಅದು ಒಣಗಣ್ಣಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಕಬ್ಬಿನ ಗರಿ, ಭತ್ತದ ಹೊಟ್ಟು, ಹುಲ್ಲಿನ ಕಡ್ಡಿ, ರಾಸಿನ ಬಾಲ ಅಥವಾ ಕೊಂಬು ತಾಗಿದ ಮೇಲೆ ಕಣ್ಣು ಕೆಂಪಾದರೆ ಯಾವ ಹನಿಯನ್ನೂ ನೀವಾಗಿ ಬಿಡಕೂಡದು. ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎಂದರೆ, ನಮ್ಮದು ಕಬ್ಬು ಭತ್ತದ ಜಿಲ್ಲೆ. ಗರಿ ಗೀರಿದ ಗಾಯದೊಳಗೆ ಬೂಷ್ಟು, ಅಂದರೆ ಶಿಲೀಂಧ್ರ ಸೇರಿಕೊಳ್ಳುತ್ತದೆ. ರೊಟ್ಟಿಯ ಮೇಲೆ, ನೆನೆದ ಹಿಂಡಿಯ ಮೇಲೆ ಬೆಳೆಯುತ್ತದಲ್ಲ, ಅದೇ ಜಾತಿಯದು. ದಕ್ಷಿಣ ಭಾರತದ ಬೇಸಾಯಗಾರರಲ್ಲಿ ಕಣ್ಣಿನ ಹುಣ್ಣಿಗೆ ಇದೊಂದು ದೊಡ್ಡ ಕಾರಣ. ಇದಕ್ಕೆ ಬೇರೆಯೇ ಔಷಧಿ ಬೇಕು, ವಾರಗಟ್ಟಲೆ ಬಿಡಬೇಕು. ಆದರೆ ಅಂಗಡಿಯಲ್ಲಿ "ಕೆಂಪು ಹೋಗುವುದಕ್ಕೆ" ಎಂದು ಕೇಳಿದರೆ ಎಷ್ಟೋ ಸಲ ಸಿಗುವುದು ಸ್ಟಿರಾಯ್ಡ್ ಸೇರಿದ ಹನಿ. ಸ್ಟಿರಾಯ್ಡ್ ಕೆಂಪನ್ನು ಇಳಿಸುತ್ತದೆ, ನೋವನ್ನೂ ಇಳಿಸುತ್ತದೆ. ಜೊತೆಗೆ ಕಣ್ಣಿನ ಕಾವಲನ್ನೂ ಮಲಗಿಸುತ್ತದೆ. ಕಾವಲಿನವನು ಮಲಗಿದರೆ ಬೂಷ್ಟಿಗೆ ಹಬ್ಬ.

ನಾಗಮಂಗಲದ ಕಡೆಯ ಒಂದು ಊರು, ಹೆಸರು ಬೇಡ. ಕಬ್ಬಿನ ರವುದಿ ಬಿಡಿಸುವಾಗ ಒಬ್ಬ ಸದಸ್ಯರಿಗೆ ಗರಿ ಕುಯ್ದಿತು. ಅಂಗಡಿಯ ಹನಿ ಬಿಟ್ಟರು. ಎರಡೇ ದಿನಕ್ಕೆ ಕಣ್ಣು ಬೆಳ್ಳಗಾಯಿತು, ಒಳ್ಳೆ ಔಷಧಿ ಎಂದು ಪಕ್ಕದ ಮನೆಯವರಿಗೂ ಹೇಳಿದರು. ಮೂರನೇ ವಾರಕ್ಕೆ ಕರಿಗುಡ್ಡೆಯ ಮೇಲೆ ಹೂವು ಬಿತ್ತು. ದೊಡ್ಡಾಸ್ಪತ್ರೆಗೆ ಹೋಗುವ ಹೊತ್ತಿಗೆ ಹುಣ್ಣು ಆಳಕ್ಕಿಳಿದಿತ್ತು. ಈಗ ಆ ಕಣ್ಣಿಗೆ ಬೆಳಕು ನೆರಳು ಮಾತ್ರ ತಿಳಿಯುತ್ತದೆ. ಹಾಲು ಕರೆಯುವಾಗ ಹಸು ಕಾಲೆತ್ತುವುದು ಆ ಕಡೆಯಿಂದ ಕಾಣದೆ ಎರಡು ಸಲ ಒದೆ ತಿಂದಿದ್ದಾರೆ. ಮನೆಯಲ್ಲಿ ನಾಲ್ಕು ಹಸು ಇದ್ದದ್ದು ಈಗ ಒಂದಕ್ಕೆ ಇಳಿದಿದೆ.

ಆದ್ದರಿಂದ ಡಬ್ಬಿಯ ಮೇಲಿನ ಹೆಸರು ಓದುವುದನ್ನು ಕಲಿಯಿರಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ದೊಡ್ಡ ಅಕ್ಷರದ ಕಂಪನಿ ಹೆಸರಲ್ಲ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಮದ್ದಿನ ಹೆಸರು. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ಕೆಲವು ಆಂಟಿಬಯೋಟಿಕ್ ಹನಿಗಳ ಹೆಸರಿನ ಕೊನೆಗೆ "ಡಿ" ಎಂಬ ಒಂದು ಅಕ್ಷರ ಸೇರಿಸಿರುತ್ತಾರೆ. ಆ "ಡಿ" ಎಂದರೆ ಬಹುತೇಕ ಡೆಕ್ಸಾಮೆಥಸೋನ್. ಒಂದೇ ಅಕ್ಷರದ ವ್ಯತ್ಯಾಸ. ಕಣ್ಣಿನ ವೈದ್ಯರು ಬರೆದುಕೊಟ್ಟಾಗ ಇದು ಬಹಳ ಉಪಯೋಗದ ಔಷಧಿ, ಪೊರೆ ಆಪರೇಷನ್ ಆದವರಿಗೆಲ್ಲ ಕೊಡುತ್ತಾರೆ. ಆದರೆ ಲೆಕ್ಕ ಹಾಕಿ ಕೊಡುತ್ತಾರೆ, ಲೆಕ್ಕ ಹಾಕಿ ನಿಲ್ಲಿಸುತ್ತಾರೆ. ತಾನಾಗಿ ತಿಂಗಳುಗಟ್ಟಲೆ ಬಿಟ್ಟುಕೊಂಡರೆ ಕಣ್ಣಿನೊಳಗಿನ ಒತ್ತಡ ಏರಿ ನೋಟದ ನರವೇ ಸೊರಗುತ್ತದೆ, ಪೊರೆಯೂ ಬೇಗ ಬೆಳೆಯುತ್ತದೆ. 2023ರ ಮಳೆಗಾಲದಲ್ಲಿ ನಮ್ಮ ರಾಜ್ಯದಲ್ಲೆಲ್ಲ ಮದ್ರಾಸ್ ಐ ಹರಡಿದಾಗ ಮನೆಮಂದಿಗೆಲ್ಲ ಒಂದೇ ಬಾಟಲಿ ಓಡಾಡಿದ್ದನ್ನು ಕಂಡಿದ್ದೇನೆ. ಆ ಬೇನೆ ಬಹುತೇಕ ವೈರಸ್‌ನದು, ತಾನಾಗಿಯೇ ಇಳಿಯುವಂಥದು. ಬಾಟಲಿ ಹಂಚಿಕೊಂಡದ್ದರಿಂದ ಬೇನೆಯನ್ನೂ ಹಂಚಿಕೊಂಡಂತಾಯಿತು.

ಕೆಂಪನ್ನು ಕೂಡಲೇ ಹೋಗಲಾಡಿಸುವ ಮತ್ತೊಂದು ಬಗೆಯ ಹನಿ ಇದೆ, ನಾಫಜೋಲಿನ್ ಎಂಬುದು ಅದರಲ್ಲಿರುತ್ತದೆ. ಅದು ರಕ್ತನಾಳಗಳನ್ನು ಬಿಗಿಹಿಡಿಯುತ್ತದೆ ಅಷ್ಟೆ, ತೇವ ಕೊಡುವುದಿಲ್ಲ. ಬಿಟ್ಟರೆ ಬೆಳ್ಳಗೆ, ನಿಲ್ಲಿಸಿದರೆ ಮೊದಲಿಗಿಂತ ಕೆಂಪು. ಒಣಗಣ್ಣಿಗೆ ಅದು ಬೇಡ.

ಹಾಗಾದರೆ ಬೇಕಾದದ್ದು ಯಾವುದು? ತೇವದ ಹನಿ, ಕೃತಕ ಕಣ್ಣೀರು ಎನ್ನುತ್ತಾರೆ. ಹೆಚ್ಚಾಗಿ ಸಿಗುವುದು ಕಾರ್ಬಾಕ್ಸಿ ಮಿಥೈಲ್ ಸೆಲ್ಯುಲೋಸ್, ಬಾಯಿಗೆ ಸುಲಭವಾಗಿ ಸಿ.ಎಂ.ಸಿ. ಇದು ಶೇಕಡ 0.5 ಮತ್ತು ಶೇಕಡ 1ರ ಸಾಂದ್ರತೆಯಲ್ಲಿ ಬರುತ್ತದೆ. ಹೈಡ್ರಾಕ್ಸಿ ಪ್ರೊಪೈಲ್ ಮಿಥೈಲ್ ಸೆಲ್ಯುಲೋಸ್ ಎಂಬುದು ಅದರ ಅಣ್ಣ ತಮ್ಮನಿದ್ದಂತೆ. ಇವು ಗಿಡದ ನಾರಿನ ಅಂಶದಿಂದ ಮಾಡಿದ ಅಂಟು, ನೀರನ್ನು ಹಿಡಿದು ಕಣ್ಣಿನ ಮೇಲೆ ನಿಲ್ಲಿಸುತ್ತವೆ. ಸೋಡಿಯಂ ಹೈಯಲುರೋನೇಟ್ ಎಂಬುದು ಇನ್ನೂ ಹೆಚ್ಚು ಹೊತ್ತು ತೇವ ಹಿಡಿಯುತ್ತದೆ, ಬೆಲೆಯೂ ಹೆಚ್ಚು. ಪಾಲಿಎಥಿಲೀನ್ ಗ್ಲೈಕಾಲ್, ಪ್ರೊಪಿಲೀನ್ ಗ್ಲೈಕಾಲ್ ಸೇರಿದ ಹನಿಗಳೂ ಇವೆ. ಎಣ್ಣೆ ಪದರ ಕಡಿಮೆ ಇರುವವರಿಗೆಂದು ಸ್ವಲ್ಪ ಜಿಡ್ಡು ಬೆರೆಸಿದವೂ ಬಂದಿವೆ. ನನ್ನನ್ನು ಕೇಳಿದರೆ ಇವುಗಳಲ್ಲಿ ಯಾವುದು ಶ್ರೇಷ್ಠ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸಿ.ಎಂ.ಸಿ. ಶೇಕಡ 0.5ರಿಂದ ಆರಂಭಿಸುವುದೇ ರೂಢಿ. ಜನೌಷಧಿ ಕೇಂದ್ರದಲ್ಲಿ ಸಿಗುವ ಅಗ್ಗದ ಸಿ.ಎಂ.ಸಿ. ಕೂಡ ಅದೇ ಸಿ.ಎಂ.ಸಿ. ದುಬಾರಿ ಡಬ್ಬಿಯ ಮೇಲೆ ಹೊಳೆಯುವ ಕಣ್ಣಿನ ಚಿತ್ರ ಇದ್ದರೆ ಅದರ ದುಡ್ಡೂ ನಿಮ್ಮದೇ.

ತೆಳು, ಮಂದ, ಮುಲಾಮು ಎಂಬ ವ್ಯತ್ಯಾಸವನ್ನು ಮಾತ್ರ ತಿಳಿದುಕೊಳ್ಳಬೇಕು. ತೆಳು ಹನಿ ಹಗಲಿಗೆ. ಬಿಟ್ಟ ಕೂಡಲೇ ಕೆಲಸ ಮಾಡಬಹುದು, ಆದರೆ ಬೇಗ ಆರುತ್ತದೆ. ಜೆಲ್ ಎಂಬುದು ಮಂದ, ಹೆಚ್ಚು ಹೊತ್ತು ನಿಲ್ಲುತ್ತದೆ, ಸ್ವಲ್ಪ ಹೊತ್ತು ಕಣ್ಣು ಮಂಜಾಗುತ್ತದೆ. ಮುಲಾಮು ಪ್ಯಾರಾಫಿನ್ ಜಿಡ್ಡಿನದು, ರಾತ್ರಿ ಮಲಗುವಾಗ ಮಾತ್ರ. ಮುಲಾಮು ಹಚ್ಚಿಕೊಂಡು ಮೇವು ಕತ್ತರಿಸುವ ಯಂತ್ರದ ಹತ್ತಿರ ಹೋಗುವುದಾಗಲಿ ಬೈಕು ಓಡಿಸುವುದಾಗಲಿ ಕೂಡದು.

ಇನ್ನು ಕೆಡದಂತೆ ಹಾಕುವ ಮದ್ದಿನ ವಿಚಾರ. ಹಾಲಿಗೆ ಅಂಥದ್ದು ಹಾಕಿದರೆ ಸಂಘದಲ್ಲಿ ಹಿಡಿಯುತ್ತಾರೆ. ಕಣ್ಣಿನ ಬಾಟಲಿಗೆ ಹಾಕಲೇಬೇಕಾಗುತ್ತದೆ, ಏಕೆಂದರೆ ಒಂದೇ ಬಾಟಲಿಯನ್ನು ದಿನವೂ ತೆರೆದು ಮುಚ್ಚುತ್ತೇವೆ. ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬುದು ಅದರಲ್ಲಿ ಹಳೆಯದು. ದಿನಕ್ಕೆ ಮೂರು ನಾಲ್ಕು ಸಲ ಬಿಡುವವರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಅದಕ್ಕಿಂತ ಹೆಚ್ಚು ಸಲ, ತಿಂಗಳುಗಟ್ಟಲೆ ಬಿಡಬೇಕಾದವರಿಗೆ ಆ ಮದ್ದೇ ಕಣ್ಣನ್ನು ಕೆರಳಿಸುತ್ತದೆ. ಅಂಥವರು ವೈದ್ಯರನ್ನು ಕೇಳಿ, ಆ ಮದ್ದಿಲ್ಲದ, ಒಂದು ದಿನಕ್ಕೆ ಒಂದರಂತೆ ಮುರಿದು ಬಳಸಿ ಎಸೆಯುವ ಪುಟ್ಟ ಕೊಳವೆಗಳನ್ನು ತೆಗೆದುಕೊಳ್ಳಬೇಕು. ಬೆಲೆ ಹೆಚ್ಚೆಂದು ಅದನ್ನು ನಾಳೆಗೆ, ನಾಳಿದ್ದಿಗೆ ಇಟ್ಟುಕೊಳ್ಳಕೂಡದು.

ಇಟ್ಟುಕೊಂಡರೆ, ಅಥವಾ ತಯಾರಿಸುವಲ್ಲೇ ಶುಚಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2023ರಲ್ಲಿ ಅಮೆರಿಕದಲ್ಲಿ ನಡೆದದ್ದನ್ನು ಹೇಳುತ್ತೇನೆ. ಚೆನ್ನೈ ಬಳಿಯ ಕಾರ್ಖಾನೆಯೊಂದರಲ್ಲಿ ತಯಾರಾಗಿ ಅಲ್ಲಿಗೆ ಹೋಗಿದ್ದ ಇದೇ ಸಿ.ಎಂ.ಸಿ. ಹನಿ, ಕೆಡದ ಮದ್ದು ಹಾಕದೆ ಹಲವು ದಿನ ಬಳಸುವ ಬಾಟಲಿಯಲ್ಲಿ ಮಾರಾಟವಾಗಿತ್ತು. ಸೂಡೋಮೊನಾಸ್ ಎಂಬ, ಬಹುಪಾಲು ಆಂಟಿಬಯೋಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾದ ಸೋಂಕು 18 ರಾಜ್ಯಗಳ 81 ಜನರಲ್ಲಿ ಕಂಡುಬಂತು. 14 ಜನ ದೃಷ್ಟಿ ಕಳೆದುಕೊಂಡರು, ನಾಲ್ವರ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಯಿತು, ನಾಲ್ವರು ಸತ್ತರು. ಆ ವರ್ಷದ ಫೆಬ್ರವರಿಯಲ್ಲಿ ಹನಿಯನ್ನು ಮಾರುಕಟ್ಟೆಯಿಂದ ವಾಪಸು ತೆಗೆದುಕೊಂಡರು. ಬಿ.ಎಂ.ಸಿ.ಯಲ್ಲಿ ಒಂದು ಕ್ಯಾನಿನ ಕೆಟ್ಟ ಹಾಲು ಸೇರಿದರೆ ಇಡೀ ಟ್ಯಾಂಕು ಹಾಳಾಗುವುದನ್ನು ಕಂಡ ನಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಬಾಟಲಿ ತೆರೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ಒಂದು ತಿಂಗಳಾದ ಮೇಲೆ, ಅರ್ಧ ಉಳಿದಿದ್ದರೂ ಎಸೆಯಿರಿ. ಡಬ್ಬಿಯ ಮೇಲೆ ಅಚ್ಚಾಗಿರುವ ಅವಧಿ ತೆರೆಯದ ಬಾಟಲಿಗೆ ಮಾತ್ರ. ಒಬ್ಬರಿಗೆ ಒಂದು ಬಾಟಲಿ, ಅತ್ತೆಯದು ಸೊಸೆಗೆ ಬೇಡ. ಹಾಲು ಕರೆದ ಕೈಯನ್ನು ಸೋಪು ಹಾಕಿ ತೊಳೆದು, ಕೆಳರೆಪ್ಪೆ ಎಳೆದು ಅದರ ಒಳಗೆ ಒಂದೇ ಹನಿ ಬಿಡಿ. ಎರಡು ಬಿಟ್ಟರೆ ಒಂದು ಕೆನ್ನೆಗೆ. ಬಾಟಲಿಯ ಮೂತಿ ರೆಪ್ಪೆಗೆ ತಾಗಬಾರದು. ಬೇರೆ ಹನಿಯೂ ಇದ್ದರೆ ನಡುವೆ ಐದು ನಿಮಿಷ ಬಿಡುವು ಕೊಡಿ, ಮುಲಾಮು ಕೊನೆಗೆ. ಮತ್ತು ಕಣ್ಣಿನ ಹನಿಯನ್ನು ರಾಸುಗಳ ಔಷಧಿಯ ಪಕ್ಕ, ಅಯೋಡಿನ್, ಕಿವಿಯ ಹನಿ, ಅಂಟು ಟ್ಯೂಬುಗಳ ಜೊತೆ ಗೂಡಿನಲ್ಲಿ ಇಡಲೇಕೂಡದು. ಕರೆಂಟು ಹೋದಾಗ ಕೈಗೆ ಸಿಕ್ಕಿದ್ದೇ ಕಣ್ಣಿಗೆ ಹೋಗುತ್ತದೆ.

ಹನಿಗಿಂತ ಅಗ್ಗವಾದದ್ದೂ ಒಂದಿದೆ. ಚೊಕ್ಕ ಬಟ್ಟೆಯನ್ನು ಹದವಾದ ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ರೆಪ್ಪೆಯ ಮೇಲೆ ಐದರಿಂದ ಹತ್ತು ನಿಮಿಷ ಇಟ್ಟುಕೊಂಡರೆ ರೆಪ್ಪೆಯಂಚಿನಲ್ಲಿ ಗಟ್ಟಿಯಾದ ಎಣ್ಣೆ, ಹೆಪ್ಪುಗಟ್ಟಿದ ತುಪ್ಪ ಕರಗಿದ ಹಾಗೆ ಕರಗಿ ಹೊರಬರುತ್ತದೆ. ಹುಲ್ಲು ಕತ್ತರಿಸುವಾಗ, ಬೈಕಿನಲ್ಲಿ ಹೋಗುವಾಗ ಒಂದು ಬಿಳಿ ಗಾಜಿನ ಕನ್ನಡಕ ಹಾಕಿಕೊಳ್ಳಿ. ಇವೆರಡು ಮಾಡಿದರೆ ಅನೇಕರಿಗೆ ಬಾಟಲಿಯ ಅಗತ್ಯವೇ ಕಡಿಮೆಯಾದೀತು.

ಹಿರಿಯರು ಕೇಳುತ್ತೀರಿ, ತುಪ್ಪ, ಹರಳೆಣ್ಣೆ, ಜೇನು, ಎದೆಹಾಲು, ನಂದಿಬಟ್ಟಲು ಹೂವಿನ ನೀರು ಬಿಡಬಹುದೇ ಎಂದು. ನಂದಿಬಟ್ಟಲು ಹೂವನ್ನು ಮುಚ್ಚಿದ ಕಣ್ಣಿನ ಮೇಲೆ ತಂಪಿಗೆ ಇಟ್ಟುಕೊಳ್ಳುವುದಕ್ಕೆ ನನ್ನ ಆಕ್ಷೇಪವಿಲ್ಲ. ಕಣ್ಣಿನೊಳಕ್ಕೆ ಬಿಡುವುದು ಮಾತ್ರ ಬೇಡ. ಕಂಪನಿಯ ಹನಿ ಮೇಲು, ಮನೆಯದು ಕೀಳು ಎಂಬ ಮಾತಲ್ಲ. ಕಣ್ಣಿಗೆ ಹೋಗುವುದು ಕ್ರಿಮಿಯಿಲ್ಲದ್ದಾಗಿರಬೇಕು, ಮನೆಯ ಬಟ್ಟಲಿನಲ್ಲಿ ಅದು ಆಗುವುದಿಲ್ಲ. ಬಿ.ಎಂ.ಸಿ. ತೊಳೆಯುವ ಆಸಿಡ್, ಕಾಸ್ಟಿಕ್, ಅಥವಾ ಎಲೆಅಡಿಕೆಯ ಸುಣ್ಣ ಕಣ್ಣಿಗೆ ಸಿಡಿದರೆ ಆ ಹೊತ್ತಿಗೆ ಹನಿ ಹುಡುಕಬೇಡಿ. ಕುಡಿಯುವ ನೀರಿನ ನಲ್ಲಿಗೆ ಮುಖವೊಡ್ಡಿ ಅರ್ಧ ಗಂಟೆ ತೊಳೆದು ಆಮೇಲೆ ಆಸ್ಪತ್ರೆಗೆ ಹೊರಡಿ.

ಈಗ ರಾಸುಗಳಿಗೆ ಬರುತ್ತೇನೆ. ಹಸುಗಳಲ್ಲಿ ನಿಜವಾದ ಒಣಗಣ್ಣು ಅಪರೂಪ. ಹಸುವಿನ ಕಣ್ಣಲ್ಲಿ ನೀರು ಸುರಿಯುತ್ತಿದ್ದರೆ ನೊಣದಿಂದ ಬಂದ ಕಣ್ಣಿನ ಹುಳು, ಕೆಂಗಣ್ಣು ಬೇನೆ, ಒಳಗೆ ಸಿಕ್ಕಿದ ಹುಲ್ಲಿನ ಕಡ್ಡಿ, ಮಿಶ್ರತಳಿ ಕರುಗಳಲ್ಲಾದರೆ ಉಣ್ಣೆಯಿಂದ ಬರುವ ಥೈಲೇರಿಯಾ ಜ್ವರ, ಇವುಗಳನ್ನು ಮೊದಲು ಹುಡುಕಬೇಕು. ಥೈಲೇರಿಯಾದಲ್ಲಿ ಕರುವಿನ ಕಣ್ಣುಗುಡ್ಡೆ ಮುಂದಕ್ಕೆ ಬಂದು ಬೆಳ್ಳಗಾಗುವುದುಂಟು. ಅದಕ್ಕೆ ಕಣ್ಣಿಗೆ ಹಚ್ಚಿ ಪ್ರಯೋಜನವಿಲ್ಲ, ಕರುವಿಗೇ ಚಿಕಿತ್ಸೆ ಆಗಬೇಕು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಕೆಲವು ರಾಸುಗಳ ರೆಪ್ಪೆಯ ಮೇಲೂ ಗಂಟೆದ್ದು ಕಣ್ಣಿಗೆ ಹೂವು ಬಿದ್ದದ್ದನ್ನು ನೀವು ಕಂಡಿರಬಹುದು.

ಹೊಗೆಸೊಪ್ಪು ಅಗಿದು ಉಗುಳುವುದು, ಉಪ್ಪಿನ ಪುಡಿ ಊದುವುದು ಇನ್ನೂ ನಡೆಯುತ್ತಿದೆ. ಹೂವು ಕರಗುತ್ತದೆ ಎನ್ನುತ್ತೀರಿ. ಹೂವು ಬಹಳ ಸಲ ತಾನಾಗಿಯೇ ಕರಗುವಂಥದು, ಹೆಸರು ಹೊಗೆಸೊಪ್ಪಿಗೆ. ಗಾಯದ ಮೇಲೆ ಉಪ್ಪು ಬಿದ್ದ ರಾಸು ತಲೆ ಕೊಡವಿ ಬಡಿದುಕೊಳ್ಳುವುದನ್ನು ನೋಡಲಾಗುವುದಿಲ್ಲ. ಕೆಚ್ಚಲು ಬಾವಿನ ಟ್ಯೂಬನ್ನು ಕಣ್ಣಿಗೆ ಹಿಂಡುವುದೂ ಇದೆ. ಅದು ಮೊಲೆಯೊಳಗೆ ಬಿಡಲು ತಯಾರಿಸಿದ್ದು, ಕೆಲವದರಲ್ಲಿ ಸ್ಟಿರಾಯ್ಡ್ ಕೂಡ ಇರುತ್ತದೆ. ರಾಸಿಗೂ ಬೇಡ, ನಿಮಗಂತೂ ಬೇಡವೇ ಬೇಡ. ಹುಣ್ಣಿದೆಯೋ ಇಲ್ಲವೋ ನೋಡಲು ನಮ್ಮಲ್ಲಿ ಬಣ್ಣದ ಕಾಗದದ ಪಟ್ಟಿ ಇರುತ್ತದೆ. ಕಣ್ಣಿಗೆ ತಾಗಿಸಿದರೆ ಹುಣ್ಣಿದ್ದ ಜಾಗ ಹಸಿರಾಗಿ ಹೊಳೆಯುತ್ತದೆ. ಅದನ್ನು ನೋಡದೆ ರಾಸಿನ ಕಣ್ಣಿಗೂ ಸ್ಟಿರಾಯ್ಡ್ ಹಚ್ಚುವುದಿಲ್ಲ. ಕೆಂಗಣ್ಣಿಗೆ ಆಕ್ಸಿಟೆಟ್ರಾಸೈಕ್ಲಿನ್ ಇಂಜೆಕ್ಷನ್ ಕೊಟ್ಟರೆ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕಕೂಡದು.

ಹಸುವಿಗೆ ತೇವದ ಮುಲಾಮು ನಿಜವಾಗಿ ಬೇಕಾಗುವ ಸಮಯ ಯಾವುದೆಂದರೆ, ಕರು ಹಾಕಿ ಒಂದೆರಡು ದಿನದಲ್ಲಿ ಹಾಲುಜ್ವರ ಬಂದು ನೆಲಕ್ಕೆ ಬಿದ್ದಾಗ. ಅದು ರೆಪ್ಪೆ ಬಡಿಯುವುದಿಲ್ಲ, ಒಂದು ಕಣ್ಣು ನೆಲಕ್ಕೆ ಒತ್ತಿಕೊಂಡಿರುತ್ತದೆ, ಇನ್ನೊಂದು ಬಿಸಿಲಿಗೆ ತೆರೆದಿರುತ್ತದೆ. ನಾವು ಬಂದು ಕ್ಯಾಲ್ಸಿಯಂ ಕೊಡುವಷ್ಟರಲ್ಲಿ ಕಣ್ಣು ಒಣಗಿ ಮಂಜಾಗಿರುತ್ತದೆ. ಅಲ್ಲಿಯವರೆಗೆ ಹಸುವನ್ನು ಎದೆಯ ಮೇಲೆ ಕೂರುವಂತೆ ಎತ್ತಿ, ಪಕ್ಕಕ್ಕೆ ಹುಲ್ಲಿನ ಮೂಟೆ ಒತ್ತು ಕೊಟ್ಟು, ತಲೆಯ ಕೆಳಗೆ ಗೋಣಿಚೀಲ ಹಾಕಿ, ನೆರಳು ಮಾಡಿ. ಕ್ರಿಮಿಯಿಲ್ಲದ ಸಲೈನ್ ಇದ್ದರೆ ಕಣ್ಣು ತೊಳೆಯಿರಿ. ಔಷಧಿ ಬೆರೆಸದ ಬರಿ ತೇವದ ಮುಲಾಮಿನ ಒಂದು ಟ್ಯೂಬು ಸಂಘದ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿದ್ದರೆ ಒಳ್ಳೆಯದು.

ಬರಿ ಒಣಹುಲ್ಲಿನ ಮೇಲೆ ತಿಂಗಳುಗಟ್ಟಲೆ ಸಾಕಿದ ರಾಸಿನಲ್ಲಿ ಎ ಜೀವಸತ್ವ ಕಡಿಮೆಯಾಗಿ ಸಂಜೆಗುರುಡು ಬರುವುದು, ಕುರುಡು ಕರು ಹುಟ್ಟುವುದು ಉಂಟು. ಇದಕ್ಕೆ ಮದ್ದು ಬಾಟಲಿಯಲ್ಲಿ ಇಲ್ಲ, ಬದುವಿನ ಮೇಲಿನ ಹಸಿರು ಮೇವಿನಲ್ಲಿದೆ. ಹುಟ್ಟಿದ ಕರುವಿಗೆ ಗಿಣ್ಣುಹಾಲು ಕುಡಿಸುವುದು ಕಣ್ಣಿಗೂ ಒಳ್ಳೆಯದು. ನಮ್ಮ ಮಕ್ಕಳಿಗೂ ಅದೇ ಮಾತು. ಅಂಗನವಾಡಿಯಲ್ಲಿ ಹಾಕುವ ಎ ಜೀವಸತ್ವದ ದ್ರಾವಣವನ್ನು ತಪ್ಪಿಸಬೇಡಿ, ಹಾಲನ್ನೆಲ್ಲ ಡೇರಿಗೆ ಹಾಕಿ ಮಗುವಿಗೆ ಬರಿ ಟೀ ಕೊಡಬೇಡಿ.

ಕಣ್ಣು ತೋರಿಸಲು ಎಲ್ಲಿಗೆ ಹೋಗಬೇಕು ಎಂದರೆ, ಮೊದಲು ಕೃಷ್ಣರಾಜಪೇಟೆಯ ತಾಲ್ಲೂಕು ಆಸ್ಪತ್ರೆ. ಹುಣ್ಣು, ಗಾಯ ಇದ್ದರೆ ಅಲ್ಲಿಂದ ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಥವಾ ನಾಗಮಂಗಲ ತಾಲ್ಲೂಕು ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ. ಹೋಗುವಾಗ ಈವರೆಗೆ ಬಿಟ್ಟುಕೊಂಡ ಬಾಟಲಿ, ಟ್ಯೂಬು ಎಲ್ಲವನ್ನೂ, ಖಾಲಿಯಾಗಿದ್ದರೂ, ಚೀಲಕ್ಕೆ ಹಾಕಿಕೊಂಡು ಹೋಗಿ. ರಾಸಿನದ್ದು ಬಿಟ್ಟುಕೊಂಡಿದ್ದರೆ ಅದನ್ನೂ ನಾಚಿಕೆಪಡದೆ ತೋರಿಸಿ. ಏನು ಬಿದ್ದಿದೆ ಎಂದು ಗೊತ್ತಾಗದೆ ಅವರಿಗೂ ಚಿಕಿತ್ಸೆ ಕಷ್ಟ.

ಹಿಂದಿನ ಸಾಲಿನಿಂದ ಒಬ್ಬ ತಾಯಿ ಈಗಷ್ಟೇ ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಮನೆಯ ನಾಯಿಗೆ ಎರಡೂ ಕಣ್ಣಲ್ಲಿ ಅಂಟಂಟು ಗೀಜು, ಒರೆಸಿದಷ್ಟೂ ಬರುತ್ತದೆ, ಕಣ್ಣಿನ ಹೊಳಪೇ ಹೋಗಿದೆಯಂತೆ. ಒಳ್ಳೆಯ ಪ್ರಶ್ನೆ ತಾಯಿ. ಹಸುವಿಗೆ ಅಪರೂಪ ಎಂದೆನಲ್ಲ, ನಾಯಿಗೆ ಒಣಗಣ್ಣು ಬಹಳ ಸಾಮಾನ್ಯ. ಅಳತೆಯ ಗೆರೆ ಇರುವ ಕಾಗದದ ಪಟ್ಟಿಯನ್ನು ರೆಪ್ಪೆಯೊಳಗೆ ಒಂದು ನಿಮಿಷ ಇಟ್ಟರೆ ಗೊತ್ತಾಗುತ್ತದೆ. ಸರ್ವೇಸಾಮಾನ್ಯವಾಗಿ 15 ಮಿಲಿಮೀಟರಿನಷ್ಟಾದರೂ ಒದ್ದೆಯಾಗಬೇಕು, 10ಕ್ಕಿಂತ ಕಡಿಮೆಯಾದರೆ ಒಣಗಿದೆ ಎಂದರ್ಥ. ಇದಕ್ಕೆ ತೇವದ ಹನಿಯೊಂದೇ ಸಾಲದು, ಕಣ್ಣೀರು ಹುಟ್ಟಿಸುವ ಬೇರೆ ಮುಲಾಮನ್ನು ಬಹಳ ಕಾಲ ಹಚ್ಚಬೇಕಾಗುತ್ತದೆ. ಸೋಮವಾರ ಬೆಳಿಗ್ಗೆ ಪಶು ಆಸ್ಪತ್ರೆಗೆ ಹಿಡಿದುಕೊಂಡು ಬನ್ನಿ. ಬಾಯಿಗೆ ಹಗ್ಗ ಕಟ್ಟಿಕೊಂಡೇ ಬನ್ನಿ, ಕಣ್ಣು ಮುಟ್ಟಿದರೆ ಎಂಥ ಸಾಧು ನಾಯಿಯೂ ಕಚ್ಚುತ್ತದೆ.